ಹನ್ನೆರಡು ಸಾವಿರದ ಪ್ರಾಜೆಕ್ಟು, ಅರವತ್ತು ರೂಪಾಯಿಯ ಕೇಬಲ್ಲು

ಹೋದ ಭಾನುವಾರ ಬೆಳಿಗ್ಗೆ ಮಾನ್ವಿಯಿಂದ ಅಕ್ಕ ಫೋನ್ ಮಾಡಿದ್ದಳು. ಎರಡು ನಿಮಿಷ ಭತ್ತದ ರೇಟು, ಎಡದಂಡೆ ಕಾಲುವೆ ನೀರು ಕೊನೇ ಹೊಲಗಳಿಗೆ ಬರಲಿಲ್ಲ ಅನ್ನೋ ವರ್ಷಾವರ್ಷದ ಮಾತು. ಆಮೇಲೆ ವಿಷಯಕ್ಕೆ ಬಂದಳು.

"ತಮ್ಮಾ, ಹುಡುಗನ ಖಾತಿಗೆ ಒಂದ್ 12,000 ಹಾಕು. ಪ್ರಾಜೆಕ್ಟ್ ಕೊಳ್ಳಬೇಕಂತ."

ಮಾಡಬೇಕಂತ ಅನ್ನಲಿಲ್ಲ, ಕೊಳ್ಳಬೇಕಂತ ಅಂದಳು. ಅಕ್ಕ ಬಾಯಿತಪ್ಪಿ ಹೇಳಿದ್ದಲ್ಲ. ಅಳಿಯನಿಗೆ ಫೋನ್ ಮಾಡಿ ವಿಚಾರಿಸಿದೆ. ರಾಯಚೂರಲ್ಲಿ ಬಿಇ ಕೊನೇ ಸೆಮಿಸ್ಟರು. ಅಂಗಡಿಯವರು ರೇಟ್ ಕಾರ್ಡನ್ನೇ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಬರೀ ಕಿಟ್ ಆದರೆ ಒಂದು ರೇಟು, ರಿಪೋರ್ಟ್ ಬೈಂಡ್ ಮಾಡಿಸಿ ಕೊಟ್ಟರೆ ಇನ್ನೊಂದು, ವೈವಾದಲ್ಲಿ ಏನು ಹೇಳಬೇಕು ಅಂತ ಒಂದು ತಾಸು ಪಾಠ ಮಾಡಿದರೆ ಮತ್ತೊಂದು. ಮೂರೂ ಸೇರಿ 12,000. ವಿಷಯ ಯಾವುದಪ್ಪಾ ಅಂದೆ.

"ಮೊಬೈಲ್‌ನಿಂದ ಪಂಪ್‌ಸೆಟ್ ಆನ್-ಆಫ್ ಮಾಡೋದು, ಮಾಮಾ."

ಅವರ ಹೊಲದಲ್ಲೇ ಮೊಬೈಲ್ ಸ್ಟಾರ್ಟರ್ ಅದೆ! ತ್ರೀ ಫೇಸ್ ಕರೆಂಟು ಬರೋದು ಮಧ್ಯರಾತ್ರಿ, ಕತ್ತಲಲ್ಲಿ ಹಾವು-ಚೇಳಿನ ನಡುವೆ ಹೋಗಿ ಮೋಟರ್ ಚಾಲೂ ಮಾಡೋ ಕಷ್ಟ ಬೇಡ ಅಂತ ಭಾವ ಎಂದೋ ಹಾಕಿಸಿದ್ದಾರೆ. ಮನೆಯಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ವಸ್ತುವಿನ ಕೆಲಸ ಮಾಡದ ನಕಲನ್ನು 12,000 ಕೊಟ್ಟು ತಂದು, ತಾನೇ ಮಾಡಿದ್ದು ಅಂತ ಹೇಳಿ, ಇಂಜಿನಿಯರ್ ಆಗಬೇಕು ನನ್ನ ಅಳಿಯ.

ದುಡ್ಡು ಕೊಡಲ್ಲ ಅಂದೆ. ಅಕ್ಕ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ.

ಈ ಕಥೆಯನ್ನು ಆಫೀಸಿನ ಊಟದ ಟೇಬಲ್ ಮೇಲೆ ಹೇಳಿದಾಗ ನನ್ನ ಟೀಮಿನ ಹುಡುಗ ಹುಡುಗಿಯರು ನಕ್ಕರು. "ಕಮ್ ಆನ್, ಎಲ್ಲರೂ ಹಾಗೇ ತಾನೇ ಮಾಡೋದು? ಹನ್ನೆರಡು ಸಾವಿರಕ್ಕೆ ಯಾಕಿಷ್ಟು ಡ್ರಾಮಾ?" ಅಂದರು. ಈ ಲೇಖನ ಅವರಿಗೆ. ಅಂದರೆ ನಿಮಗೆ. ನಗೋ ಮೊದಲು ಒಂದು ಕೇಬಲ್ಲಿನ ಕಥೆ ಕೇಳಿ.

2008. ನಾನು ರಾಯಚೂರಿನಲ್ಲಿ ಮೂರನೇ ವರ್ಷದ ಬಿಇ. ಹಾಸ್ಟೆಲ್ ಗೆಳೆಯನ ಅಣ್ಣ ಅಮೆರಿಕದಿಂದ ಬಂದವನು ಒಂದು ಗ್ರಾಫಿಂಗ್ ಕ್ಯಾಲ್ಕುಲೇಟರ್ ಬಿಟ್ಟು ಹೋಗಿದ್ದ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-83 ಪ್ಲಸ್. ಇಟ್ಟಿಗೆಯಂಥಾ ಕಪ್ಪು ಡಬ್ಬಿ, 96 ಗುಣಿಲೆ 64 ಚುಕ್ಕಿಯ ಪರದೆ, ಅದರಲ್ಲಿ ಸೈನ್ ಕರ್ವ್ ಬರೆಯುತ್ತೆ. ಅಲ್ಲಿ ಹೈಸ್ಕೂಲ್ ಮಕ್ಕಳು ಅದನ್ನು ಬ್ಯಾಗಲ್ಲಿ ಹಾಕಿಕೊಂಡು ಓಡಾಡ್ತಾರಂತೆ. ನಮ್ಮಲ್ಲಿ ಪರೀಕ್ಷಾ ಹಾಲಿನ ಬಾಗಿಲಲ್ಲೇ ಕಿತ್ತುಕೊಳ್ಳುತ್ತಾರೆ. ಪ್ರೋಗ್ರಾಂ ಬರೆಯಬಹುದಾದ ಕ್ಯಾಲ್ಕುಲೇಟರ್ ನಿಷಿದ್ಧ. ಇಂಜಿನಿಯರಿಂಗ್ ವಿದ್ಯಾರ್ಥಿಯ ಕೈಯಲ್ಲಿ ಪ್ರೋಗ್ರಾಂ ಬರೆಯುವ ಯಂತ್ರ ಇರಬಾರದು ಅನ್ನೋದು ನಮ್ಮ ಪರೀಕ್ಷೆಯ ನಿಯಮ. ಕಾಪಿ ತಡೆಯೋಕೆ ಅಂತ ಗೊತ್ತು. ಆದರೆ ಪರೀಕ್ಷೆಗೆ ಬೇಡ ಅಂದಮೇಲೆ ವರ್ಷವಿಡೀ ಬೇಡ ಅಂತಲೇ ಅರ್ಥ ಆಗಿಬಿಟ್ಟಿತ್ತು.

ಅದರೊಳಗೆ ಇದ್ದದ್ದು ಝಡ್-80 ಪ್ರೊಸೆಸರ್. ನಾವು ಮೈಕ್ರೋಪ್ರೊಸೆಸರ್ ಪಾಠದಲ್ಲಿ ಚಿತ್ರ ಬರೆದು ಬಾಯಿಪಾಠ ಮಾಡುತ್ತಿದ್ದ 8085ರ ದಾಯಾದಿ. ಅದಕ್ಕೆ ನಾನೇ ಬರೆದ ಅಸೆಂಬ್ಲಿ ಪ್ರೋಗ್ರಾಂ ಹಾಕಬಹುದು ಅಂತ ಸೈಬರ್ ಕೆಫೆಯಲ್ಲಿ ಓದಿ ತಲೆ ತಿರುಗಿತು. ಹಾಕಬೇಕಾದರೆ ಕಂಪ್ಯೂಟರಿಗೆ ಜೋಡಿಸೋ ಕೇಬಲ್ ಬೇಕು. ಕಂಪನಿಯ ಕೇಬಲ್ಲು ರಾಯಚೂರಿನಲ್ಲಿರಲಿ, ಹೈದರಾಬಾದಿನ ಕೋಠಿಯಲ್ಲೂ ನನಗೆ ಸಿಗಲಿಲ್ಲ. ಅದೇ ಕಂಪನಿ 1985ರಲ್ಲೇ ಬೆಂಗಳೂರಿಗೆ ಬಂದು, ಬೆಂಗಳೂರಿನ ಐಟಿ ಕಥೆ ಶುರುವಾಗಿದ್ದೇ ಅಲ್ಲಿಂದ ಅಂತ ನೀವು ಹೆಮ್ಮೆಯಿಂದ ಹೇಳ್ತೀರಿ. ಇರಲಿ. ರಾಯಚೂರಿಗೆ ಆ ಕಂಪನಿ ಬಂದದ್ದು ಗೆಳೆಯನ ಅಣ್ಣನ ಸೂಟ್‌ಕೇಸಿನಲ್ಲಿ, ಕೇಬಲ್ ಇಲ್ಲದೆ.

ಹಾಗಾದರೆ ಕೇಬಲ್ ನಾವೇ ಮಾಡೋಣ ಅಂದೆ. ಸರ್ಕ್ಯೂಟಿನ ಪ್ರಿಂಟೌಟ್ ತೆಗೆಸಿದೆ. ರೇಡಿಯೋ ರಿಪೇರಿ ಅಂಗಡಿಯಲ್ಲಿ 25 ಪಿನ್ನಿನ ಕನೆಕ್ಟರು, ಎರಡು ಡಯೋಡು, ನಾಲ್ಕು ರೆಸಿಸ್ಟರು. ಕ್ಯಾಲ್ಕುಲೇಟರಿನ ತೂತು 2.5 ಮಿಲಿಮೀಟರಿನದ್ದು, ವಾಕ್‌ಮನ್ ಹೆಡ್‌ಫೋನಿನ 3.5ರ ಪಿನ್ ಒಳಗೆ ಹೋಗಲ್ಲ. ಹಳೇ ಮೊಬೈಲಿನ ಹ್ಯಾಂಡ್ಸ್‌ಫ್ರೀ ಕತ್ತರಿಸಿ ಅದರ ಸಣ್ಣ ಪಿನ್ ತಗೊಂಡೆ. ಎಲ್ಲ ಸೇರಿ 60 ರೂಪಾಯಿ. ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಒಂದು ತುದಿ, ಕ್ಯಾಲ್ಕುಲೇಟರಿಗೆ ಇನ್ನೊಂದು ತುದಿ. ಜೋಡಿಸಿದೆ.

ಏನೂ ಆಗಲಿಲ್ಲ.

ವಿಂಡೋಸ್ ಎಕ್ಸ್‌ಪಿ ಸಾಮಾನ್ಯ ಪ್ರೋಗ್ರಾಂಗಳಿಗೆ ಪೋರ್ಟನ್ನು ನೇರವಾಗಿ ಮುಟ್ಟೋಕೆ ಬಿಡಲ್ಲ ಅಂತ ಗೊತ್ತಾಗಲು ಒಂದು ವಾರ. ಆಗ ಉಬುಂಟುವಿನವರು ಕೇಳಿದವರಿಗೆ ಪುಕ್ಕಟೆ ಸಿ.ಡಿ. ಅಂಚೆಯಲ್ಲಿ ಕಳಿಸುತ್ತಿದ್ದರು. ಅದನ್ನು ಹಾಕಿ ಲಿನಕ್ಸಿಗೆ ಬಂದೆ. ಆಗಲೂ ಏನೂ ಇಲ್ಲ. ಬಯಾಸಿನಲ್ಲಿ ಪೋರ್ಟಿನ ಮೋಡ್ ಬದಲಿಸಿದೆ. ಇಲ್ಲ. ಡಯೋಡ್ ಉಲ್ಟಾ ಹಾಕಿರಬಹುದು ಅಂತ ತೆಗೆದು ತಿರುಗಿಸಿದೆ, ಮತ್ತೆ ಮೊದಲಿನಂತೆ ಹಾಕಿದೆ. ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಇತ್ತು. ಬೀಗದ ಕೈ ಇದ್ದವರು ಕೇಳಿದ ಪ್ರಶ್ನೆ ಒಂದೇ: "ಇದು ಸಿಲಬಸ್‌ನಲ್ಲಿ ಇದೆಯಾ?"

ಯುಗಾದಿ ರಜೆಗೆ ದೇವದುರ್ಗಕ್ಕೆ ಹೋದೆ. ನನ್ನ ಸೋದರಮಾವನ ಮೋಟರ್ ವೈಂಡಿಂಗ್ ಅಂಗಡಿ ಇದ್ದದ್ದು ಅಲ್ಲೇ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ಹಿಂದುಳಿದ ತಾಲೂಕುಗಳ ಪಟ್ಟಿ ಕೊಟ್ಟಿತಲ್ಲ, ಅದರಲ್ಲಿ 39 "ಅತ್ಯಂತ ಹಿಂದುಳಿದ"ವು. ದೇವದುರ್ಗ ಆ 39ರಲ್ಲಿ ಒಂದು. ಮಾವ ಏಳನೇ ಕ್ಲಾಸು. ಸುಟ್ಟ ಮೋಟರ್ ಬಂದರೆ ಅವರು ಮೊದಲು ಬಿಚ್ಚುತ್ತಿರಲಿಲ್ಲ, ಕೇಳುತ್ತಿದ್ದರು. ಕರೆಂಟ್ ಎಲ್ಲೀತನಕ ಬಂದದ? ಸ್ಟಾರ್ಟರಿನ ತನಕವೋ, ಕೇಬಲ್ ಜಾಯಿಂಟಿನ ತನಕವೋ, ಮೋಟರಿನ ತನಕವೋ? "ಅರ್ಧಕ್ಕ ಹೋಗಿ ನೋಡು. ಅಲ್ಲಿ ಇದ್ರ ಮುಂದಿನರ್ಧ ನೋಡು, ಇಲ್ಲಂದ್ರ ಹಿಂದಿನರ್ಧ." ಇದಕ್ಕೆ ಬೈನರಿ ಸರ್ಚ್ ಅಂತ ಹೆಸರಿಟ್ಟು ನಮಗೆ ಡೇಟಾ ಸ್ಟ್ರಕ್ಚರ್ಸ್ ಪರೀಕ್ಷೆಯಲ್ಲಿ ಕೇಳುತ್ತಿದ್ದರು. ನಾನು ಬರೆದು ಮಾರ್ಕ್ಸ್ ತಗೊಂಡಿದ್ದೆ. ಸ್ವಂತ ಕೇಬಲ್ಲಿಗೆ ಹಚ್ಚಬೇಕು ಅಂತ ಹೊಳೆದಿರಲಿಲ್ಲ.

ಮಾವ ಕೇಬಲ್ ಕೈಗೆ ತಗೊಂಡರು. ಮೀಟರಿನ ಒಂದು ಕಡ್ಡಿ ಸಣ್ಣ ಪಿನ್ನಿಗೆ ಇಟ್ಟರು. "ಇದು ಎಲ್ಲಿಗೆ ಹೋಗಬೇಕು?" ನಾನು ಹಾಳೆ ನೋಡಿ ಪಿನ್ ನಂಬರ್ ಹೇಳಿದೆ. ಅವರು ಹಾಳೆಯಲ್ಲಿದ್ದ ಚಿತ್ರದಂತೆ ಎಣಿಸಿ ಇನ್ನೊಂದು ಕಡ್ಡಿ ಇಟ್ಟರು. ಮೀಟರು ಸುಮ್ಮನಿತ್ತು. ಸಾಲಿನ ಇನ್ನೊಂದು ಕೊನೆಯಿಂದ ಎಣಿಸಿ ಇಟ್ಟರು. ಪೀಂ ಅಂತು.

"ಹಾಳ್ಯಾಗ ನೀ ನೋಡಿದ್ದು ಇದರ ಮಾರಿ. ತಂತಿ ಬೆಸದದ್ದು ಬೆನ್ನಿಗೆ. ಮೋಟರ್ ಈ ಕಡಿಂದ ನೋಡಿದ್ರ ಬಲಕ್ಕ ತಿರುಗ್ತದ, ಆ ಕಡಿಂದ ನೋಡಿದ್ರ ಎಡಕ್ಕ. ಯಾವ ಕಡಿಂದ ನೋಡಕತ್ತೀನಿ ಅಂಬೋದು ಮೊದಲ ಗೊತ್ತಿರಬೇಕು."

ಅಷ್ಟೇ. ಹಿಂದಿನಿಂದ ನೋಡಿದಾಗ 1 ಇರಬೇಕಾದಲ್ಲಿ 13 ಇರುತ್ತೆ, 14 ಇರಬೇಕಾದಲ್ಲಿ 25. ಎಲ್ಲಾ ತಂತಿಯೂ ಕನ್ನಡಿಯಲ್ಲಿ ಕಂಡಂತೆ ಕೂತಿದ್ದವು. ಮೂರು ವಾರ ನಾನು ಸಾಫ್ಟ್‌ವೇರ್ ಬೈಯುತ್ತಿದ್ದೆ.

ರಾಯಚೂರಿಗೆ ವಾಪಸ್ ಬಂದು ಮತ್ತೆ ಬೆಸೆದೆ. ಈಗ ಏನೋ ಬರುತ್ತಿತ್ತು, ಆದರೆ ಅರ್ಥವಿಲ್ಲದ್ದು. ಪೋರ್ಟನ್ನು ಓದೋಕೆ ಸಿ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಂ ಬರೆದೆ. ಈ ಕ್ಯಾಲ್ಕುಲೇಟರ್ ಮಾತಾಡೋ ರೀತಿ ಕೇಳಿ, ಚೆನ್ನಾಗಿದೆ. ಎರಡು ತಂತಿ, ಒಂದು ಗ್ರೌಂಡು. ಸುಮ್ಮನಿದ್ದಾಗ ಎರಡೂ ತಂತಿಯ ವೋಲ್ಟೇಜ್ ಮೇಲಿರುತ್ತೆ. ಸೊನ್ನೆ ಕಳಿಸಬೇಕಾದರೆ ಒಂದು ತಂತಿಯನ್ನು ಕೆಳಗೆ ಎಳೆಯುತ್ತೆ, ಒಂದು ಕಳಿಸಬೇಕಾದರೆ ಇನ್ನೊಂದನ್ನು. ಕೇಳಿಸಿಕೊಂಡವನು ಉಳಿದ ತಂತಿಯನ್ನು ಎಳೆದು "ಹ್ಞೂಂ, ಕೇಳಿತು" ಅನ್ನಬೇಕು. ಆಮೇಲೆ ಇವನು ಬಿಡುತ್ತಾನೆ, ಅವನೂ ಬಿಡುತ್ತಾನೆ. ಆಗಲೇ ಮುಂದಿನ ಬಿಟ್ಟು. ಒಂದೊಂದು ಬಿಟ್ಟಿಗೂ ಹ್ಞೂಂಗುಟ್ಟಬೇಕು, ಅಜ್ಜಿ ಕಥೆ ಹೇಳುವಾಗ ನಾವು ಹ್ಞೂಂ ಅಂದ ಹಾಗೆ. ಡಯೋಡ್ ಹಾಕೋದೂ ಇದಕ್ಕೇ. ಕಂಪ್ಯೂಟರು ತಂತಿಯನ್ನು ಕೆಳಗೆ ಎಳೆಯಬಹುದು, ಮೇಲೆ ತಳ್ಳುವಂತಿಲ್ಲ.

ಮೊದಲ ಬೈಟು 73 ಬರಬೇಕಿತ್ತು, ಹೆಕ್ಸಾಡೆಸಿಮಲ್‌ನಲ್ಲಿ. ಆ ಮಾಡೆಲ್ಲಿನ ಗುರುತು ಅದು. ನನಗೆ ಬರುತ್ತಿದ್ದದ್ದು 8ಸಿ. ಹಾಳೆಯ ಮೇಲೆ ಎರಡನ್ನೂ ಬಿಡಿಸಿ ಬರೆದೆ. 01110011. 10001100. ರಾತ್ರಿ ಎರಡೂವರೆಗೆ ಒಬ್ಬನೇ ನಕ್ಕೆ. ಪ್ರತಿ ಬಿಟ್ಟೂ ತಿರುಗಿತ್ತು. ಎರಡು ತಂತಿ ಅದಲುಬದಲಾಗಿವೆ, ಹ್ಞೂಂಗುಟ್ಟೋದು ಸರಿಯಾಗೇ ನಡೆದಿದೆ, ಅವನು ಸೊನ್ನೆ ಅಂದದ್ದೆಲ್ಲ ಇವನಿಗೆ ಒಂದು ಅಂತ ಕೇಳುತ್ತಿದೆ. ಎರಡು ತಂತಿ ಬಿಡಿಸಿ ಬದಲಾಯಿಸಿದೆ. 73 ಬಂತು.

ಇದಕ್ಕೆ ನನಗೆ ಬಿದ್ದ ಮಾರ್ಕ್ಸ್ ಎಷ್ಟು? ಸೊನ್ನೆ. ಸಿಲಬಸ್‌ನಲ್ಲಿ ಇರಲಿಲ್ಲವಲ್ಲ.

ಈಗ ತಪ್ಪೊಪ್ಪಿಗೆ. ಮರುವರ್ಷ, ಇದೇ ನಾನು, ನಾಲ್ಕು ಜನರ ಬ್ಯಾಚಿನ ಜೊತೆ ಹೈದರಾಬಾದಿಗೆ ಹೋಗಿ ಫೈನಲ್ ಇಯರ್ ಪ್ರಾಜೆಕ್ಟ್ ಕೊಂಡು ತಂದೆ. ತಲೆಗೆ 2,000. ಎಕ್ಸ್‌ಟರ್ನಲ್ ಬಂದ ದಿನ ಎಲ್‌ಇಡಿ ಮಿಣುಕಿತು, ಎಲ್‌ಸಿಡಿಯಲ್ಲಿ ವೆಲ್‌ಕಮ್ ಅಂತ ಬಂತು, ಎಲ್ಲರಿಗೂ ತೊಂಬತ್ತರ ಮೇಲೆ ಮಾರ್ಕ್ಸ್. 2009ರ ರಿಸೆಷನ್ನಿನಲ್ಲಿ ಸಿಕ್ಕ ಒಂದೇ ಇಂಟರ್‌ವ್ಯೂನಲ್ಲಿ ಆ ಪ್ರಾಜೆಕ್ಟನ್ನು ನಾನೇ ಮಾಡಿದ್ದು ಅಂತ ಗಟ್ಟಿಯಾಗಿ ಸುಳ್ಳು ಹೇಳಿದೆ. ಕೆಲಸ ಸಿಕ್ಕಿತು. ಸೇರಿದ ಮೂರನೇ ತಿಂಗಳಿಗೆ, ಎರಡು ಸಿಸ್ಟಮ್ಮುಗಳ ನಡುವೆ ಡೇಟಾ ಕೆಟ್ಟು ಹೋಗುತ್ತಿದ್ದ ಒಂದು ಬಗ್ ಕೈಗೆ ಬಂತು. ಅರ್ಧಕ್ಕೆ ಹೋಗಿ ನೋಡಿದೆ. ಯಾವ ಕಡೆಯಿಂದ ನೋಡುತ್ತಿದ್ದೇನೆ ಅಂತ ಕೇಳಿಕೊಂಡೆ. ಒಂದು ಕಡೆಯವರು ಬೈಟುಗಳನ್ನು ಎಡದಿಂದ ಎಣಿಸುತ್ತಿದ್ದರು, ಇನ್ನೊಂದು ಕಡೆಯವರು ಬಲದಿಂದ.

ಕೆಲಸ ಕೊಡಿಸಿದ್ದು ಆ ಪ್ರಾಜೆಕ್ಟು. ಕೆಲಸದಲ್ಲಿ ಉಳಿಸಿದ್ದು ಈ ಕೇಬಲ್ಲು. ನನ್ನ ಸಿಟ್ಟಿನ ಮೂಲ ಇದು, ಮತ್ತು ಇದರಲ್ಲಿ ನನ್ನ ಮೇಲಿನ ಸಿಟ್ಟೂ ಸೇರಿದೆ.

"ಹಾಗಾದರೆ ಹುಡುಗರು ಸೋಮಾರಿಗಳು ಅಂತೀರಾ?" ಇಲ್ಲ ಸ್ವಾಮಿ. ಅಳಿಯನ ಜಾಗದಲ್ಲಿ ನಿಂತು ಲೆಕ್ಕ ಹಾಕಿ. ತಾನೇ ಮಾಡಿದ ಸರ್ಕ್ಯೂಟ್ ವೈವಾ ದಿನ ಕೈಕೊಟ್ಟರೆ ಮಾರ್ಕ್ಸ್ ಹೋಯಿತು, ಕ್ಯಾಂಪಸ್ ಸೆಲೆಕ್ಷನ್ ಹೋಯಿತು, ಅಪ್ಪ ಮಾಡಿದ ಸಾಲ ಉಳಿಯಿತು. ಕೊಂಡು ತಂದದ್ದು ಗ್ಯಾರಂಟಿಯಾಗಿ ಮಿಣುಕುತ್ತೆ. ನಾನೇ ಆದರೂ ಕೊಳ್ಳುತ್ತೇನೆ. ಕೊಂಡಿದ್ದೇನೆ ಕೂಡ. ಕೆಟ್ಟದ್ದಕ್ಕೆ ಶಿಕ್ಷೆ, ನಕಲಿಗೆ ಬಹುಮಾನ ಅಂತ ವ್ಯವಸ್ಥೆ ಕಟ್ಟಿ ಆಮೇಲೆ ಹುಡುಗರಿಗೆ ನೀತಿ ಹೇಳೋದು ಯಾವ ನ್ಯಾಯ? ಬೆಂಗಳೂರಿನಲ್ಲಿ ನಿಮಗೆ ಎಸ್‌ಪಿ ರೋಡ್ ಇದೆ, ಬೆಳಿಗ್ಗೆ ಆರ್ಡರ್ ಮಾಡಿದರೆ ಸಂಜೆಗೆ ಬರೋ ರೆಸಿಸ್ಟರ್ ಇದೆ. ದೇವದುರ್ಗದಲ್ಲಿ ಡಯೋಡ್ ಸುಟ್ಟರೆ ರಾಯಚೂರಿಗೆ ಬಸ್ ಹತ್ತಬೇಕು, ಅಲ್ಲಿ ಇಲ್ಲದಿದ್ದರೆ ಹೈದರಾಬಾದಿಗೆ ರೈಲು. ಕೊಳ್ಳೋದು ಅವರಿಗೆ ಸೋಮಾರಿತನದ ಲೆಕ್ಕ ಅಲ್ಲ, ಬಸ್ ಚಾರ್ಜಿನ ಲೆಕ್ಕ.

ಐಐಟಿ ಕೇಳಿದೆವು, 2016ರಲ್ಲಿ ಧಾರವಾಡಕ್ಕೆ ಹೋಯಿತು. 2019ರಲ್ಲಿ ಐಐಐಟಿ ಬಂತು, ಸಂತೋಷ. 371 ಜೆ ಬಂತು, ಅದರಿಂದ ಸೀಟು ಸಿಕ್ಕವರು ನಮ್ಮೂರಲ್ಲೇ ಇದ್ದಾರೆ. ಆದರೆ ಸೀಟು ಕೊಟ್ಟು ಕಪಾಟಿಗೆ ಬೀಗ ಹಾಕಿದರೆ ಏನು ಬಂತು? ನನ್ನ ಬೇಡಿಕೆ ಬಹಳ ಸಣ್ಣದು. ಲ್ಯಾಬಿನ ಬೀಗ ಸಂಜೆ ಆರರವರೆಗೆ ತೆಗೆದಿರಲಿ. ಸುಟ್ಟ ಐಸಿಗೆ ಫೈನ್ ಹಾಕೋದು ನಿಲ್ಲಲಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಏನೇನು ಕೆಲಸ ಮಾಡಲಿಲ್ಲ, ಹೇಗೆ ಹುಡುಕಿದೆವು ಅನ್ನೋ ಒಂದು ಅಧ್ಯಾಯ ಕಡ್ಡಾಯವಾಗಲಿ, ಅರ್ಧ ಮಾರ್ಕ್ಸ್ ಅದಕ್ಕೇ ಇರಲಿ. ಅಂಗಡಿಯವನು ಔಟ್‌ಪುಟ್ ಮಾರಬಲ್ಲ. ಮೂರು ವಾರದ ತಪ್ಪುಗಳನ್ನು ಮಾರೋದು ಅವನಿಗೂ ಕಷ್ಟ, ಕೊಂಡವನು ಅದನ್ನು ವೈವಾದಲ್ಲಿ ಹೇಳೋದು ಇನ್ನೂ ಕಷ್ಟ.

ಬೀಗ ಬರೀ ರಾಯಚೂರಿನ ಲ್ಯಾಬಿನದ್ದು ಅಂದುಕೊಳ್ಳಬೇಡಿ. ಅದೇ ಟಿಐ-83 ಪ್ಲಸ್ ವಿಚಾರ ನೋಡಿ. ಕಂಪನಿಯ ಸಹಿ ಇಲ್ಲದ ಆಪರೇಟಿಂಗ್ ಸಿಸ್ಟಮ್ಮನ್ನು ಅದು ಒಪ್ಪುತ್ತಿರಲಿಲ್ಲ. 2009ರಲ್ಲಿ ಒಬ್ಬ ಹವ್ಯಾಸಿ ಮನೆಯ ಕಂಪ್ಯೂಟರನ್ನು ತಿಂಗಳುಗಟ್ಟಲೆ ಓಡಿಸಿ ಆ ಸಹಿಯ 512 ಬಿಟ್ ಆರ್‌ಎಸ್‌ಎ ಕೀಲಿಯನ್ನು ಒಡೆದ. ಕಂಪನಿ ಏನು ಮಾಡಿತು? ಕೀಲಿಯ ಬಗ್ಗೆ ಬರೆದವರಿಗೆ ಕಾಪಿರೈಟ್ ನೋಟಿಸ್ ಕಳಿಸಿತು. ಕೊನೆಗೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅವರ ಪರ ನಿಲ್ಲಬೇಕಾಯಿತು. 2014ರಲ್ಲಿ ಎಫ್‌ಟಿಡಿಐ ಅನ್ನೋ ಚಿಪ್ ಕಂಪನಿ, ತನ್ನ ಯುಎಸ್‌ಬಿ-ಸೀರಿಯಲ್ ಚಿಪ್ಪಿನ ನಕಲುಗಳನ್ನು ಹಿಡಿಯೋಕೆ ಹೊರಟು, ವಿಂಡೋಸ್ ಅಪ್‌ಡೇಟಿನ ಜೊತೆ ಬಂದ ಡ್ರೈವರಿನಿಂದ ಆ ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಟ್ಟಿತು. ಬೆಳಿಗ್ಗೆ ನಡೆಯುತ್ತಿದ್ದ ಕೇಬಲ್ಲನ್ನು ಮಧ್ಯಾಹ್ನಕ್ಕೆ ಕಂಪ್ಯೂಟರ್ ಗುರುತಿಸಲ್ಲ. ಗಲಾಟೆ ಆದಮೇಲೆ ಹಿಂತೆಗೆದುಕೊಂಡರು. ನಕಲಿ ಮಾರಿದವನಿಗೆ ಏನೂ ಆಗಲಿಲ್ಲ. ಗೊತ್ತಿಲ್ಲದೆ ಕೊಂಡವನ ಕೇಬಲ್ ಸತ್ತಿತು. ಬಿಚ್ಚಬೇಡ, ನೋಡಬೇಡ, ಕೆಟ್ಟರೆ ಹೊಸದು ತಗೋ. ಅಲ್ಲಿಯ ವಕೀಲರ ಭಾಷೆಯಲ್ಲೂ ಅದೇ, ಇಲ್ಲಿಯ "ಸಿಲಬಸ್‌ನಲ್ಲಿ ಇದೆಯಾ" ಅನ್ನೋದರಲ್ಲೂ ಅದೇ.

ಈಗ ನಮ್ಮ ಸರದಿ. ಇಂಟರ್‌ವ್ಯೂ ಮಾಡೋ ಕುರ್ಚಿಯಲ್ಲಿ ಕೂತವರು ನಾವೇ ತಾನೇ? ಟಯರ್ ತ್ರೀ ಕಾಲೇಜು ಅಂತ ಮೂಗು ಮುರಿಯುವವರೂ ನಾವೇ, ರೆಸ್ಯೂಮೆಯಲ್ಲಿ ಪ್ರಾಜೆಕ್ಟಿನ ಹೆಸರು ನೋಡಿ "ನೈಸ್" ಅಂದು ಮುಂದೆ ಹೋಗುವವರೂ ನಾವೇ. ಆ ಅಂಗಡಿಗಳ ನಿಜವಾದ ಗಿರಾಕಿ ಅಳಿಯ ಅಲ್ಲ, ನಾವು. ನಾವು ಕೇಳದ ಪ್ರಶ್ನೆಯ ಮೇಲೆ ಆ ವ್ಯಾಪಾರ ನಿಂತಿದೆ. ಮುಂದಿನ ಸಲ ಹೊಸ ಹುಡುಗ ಎದುರು ಕೂತಾಗ, ಏನು ಮಾಡಿದೆ ಅಂತ ಕೇಳಬೇಡಿ. "ಏನು ಕೆಟ್ಟಿತ್ತು? ಹೇಗೆ ಹಿಡಿದೆ?" ಅಂತ ಕೇಳಿ. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲಿ ಹೇಳಪ್ಪಾ ಅನ್ನಿ. ನಿಜವಾಗಿ ತಂತಿ ಹಿಡಿದವನು ಅರ್ಧ ತಾಸು ನಿಲ್ಲಿಸಲ್ಲ. ಉಳಿದವರಿಗೆ ಎರಡನೇ ವಾಕ್ಯ ಬರಲ್ಲ. ಹತ್ತು ಜನ ಮ್ಯಾನೇಜರುಗಳು ಹೀಗೆ ಕೇಳೋಕೆ ಶುರುಮಾಡಿದರೆ, ಸುದ್ದಿ ರಾಯಚೂರಿಗೆ ಬಸ್ಸಿಗಿಂತ ಬೇಗ ಮುಟ್ಟುತ್ತೆ.

ಅಳಿಯನಿಗೆ 12,000 ಕಳಿಸಲಿಲ್ಲ ಅಂದೆನಲ್ಲ, ಪೂರ್ತಿ ಸುಮ್ಮನೆ ಕೂತಿಲ್ಲ. ಬೋರ್ಡು, ಜಿಎಸ್‌ಎಂ ಮಾಡ್ಯೂಲು, ರಿಲೇ, ಒಂದು ಮಲ್ಟಿಮೀಟರು, ಎಲ್ಲ ಸೇರಿ 2,100 ರೂಪಾಯಿಯ ಸಾಮಾನು ಪಾರ್ಸೆಲ್ ಮಾಡಿದೆ. ಮೊದಲ ದಿನ ಬೋರ್ಡಿಗೂ ಮಾಡ್ಯೂಲಿಗೂ ಮಾತೇ ಇರಲಿಲ್ಲ. ಎರಡಕ್ಕೂ ಬೇರೆ ಬೇರೆ ಸಪ್ಲೈ ಕೊಟ್ಟಿದ್ದ, ಗ್ರೌಂಡ್ ಜೋಡಿಸಿರಲಿಲ್ಲ. ಎರಡರ ನೆಲ ಒಂದಾಗದೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥ ಆಗಲ್ಲ ಅಂತ ಅವನೇ ಎರಡು ದಿನಕ್ಕೆ ಕಂಡುಕೊಂಡ. ಈಗ ಇನ್ನೊಂದು ತಲೆನೋವು. ಕಾಲ್ ಬಂದ ಕೂಡಲೇ ಮಾಡ್ಯೂಲು ಆಫ್ ಆಗಿ ಮತ್ತೆ ಆನ್ ಆಗುತ್ತೆ. ರಿವ್ಯೂ ಗುರುವಾರ. ಆಗದೇ ಹೋದರೆ ಏನು ಅಂತ ನನಗೂ ಎದೆ ಹೊಡೆದುಕೊಳ್ಳುತ್ತಿದೆ. ಅಕ್ಕನ ಶಾಪ ಬೇರೆ.

ನಿನ್ನೆ ರಾತ್ರಿ ಹನ್ನೊಂದೂಮುಕ್ಕಾಲಿಗೆ ಅವನ ಮೆಸೇಜು: "ಮಾಮಾ, ಸುಮ್ನಿದ್ದಾಗ 4 ವೋಲ್ಟ್ ಅದ. ಕಾಲ್ ಬಂದ್ರ 3.1ಕ್ಕ ಇಳಿತದ. ಸಪ್ಲೈದಾಗ ಏನರ ಇರಬೇಕಾ?"

ಉತ್ತರ ನನಗೆ ಗೊತ್ತಿತ್ತು. ಟೈಪ್ ಮಾಡಿ ಅಳಿಸಿದೆ. "ಅರ್ಧಕ್ಕ ಹೋಗಿ ನೋಡು" ಅಂತಷ್ಟೇ ಬರೆದು ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ.